ಬೀಡಿ-ಸಿಗರೇಟು ಬಿಡಿಸಲು ಮೆದುಳಿಗೆ ಯಂತ್ರ ಚಿಕಿತ್ಸೆ: ಏನು, ಎಷ್ಟು, ಯಾರಿಗೆ?

ಗಡಿ ಭಾಗದ ನಮ್ಮ ಊರುಗಳಲ್ಲಿ ಬೀಡಿ ಎಂಬುದು ಬರೀ ಚಟವಲ್ಲ, ಮರ್ಯಾದೆಯೂ ಹೌದು. ಮಕ್ತಲ್ ಬಸ್ ನಿಲ್ದಾಣದಲ್ಲಾಗಲಿ, ಗದ್ವಾಲ ರೈಲು ನಿಲ್ದಾಣದ ಹೊರಗಾಗಲಿ, ನಾರಾಯಣಪೇಟೆಯ ಚಾ ಅಂಗಡಿಯಲ್ಲಾಗಲಿ ಪರಿಚಯದವರು ಸಿಕ್ಕರೆ ಮೊದಲು ಕೈ ಹೋಗುವುದು ಜೇಬಿನ ಬೀಡಿ ಕಟ್ಟಿಗೆ. ತೆಲುಗಿನವರು ಪೊಗಾಕು ಎನ್ನುತ್ತಾರೆ, ನಾವು ಹೊಗೆಸೊಪ್ಪು ಎನ್ನುತ್ತೇವೆ. ಹೆಸರು ಎರಡಾದರೂ ಕೆಮ್ಮು ಒಂದೇ.

ಬಿಡಬೇಕೆಂದು ನಾಲ್ಕಾರು ಸಲ ಪ್ರಯತ್ನಿಸಿ ಸೋತವರು ಪ್ರತಿ ಓಣಿಯಲ್ಲೂ ಇದ್ದಾರೆ. ಅಂಥವರ ಕಿವಿಗೆ "ದೊಡ್ಡ ಆಸ್ಪತ್ರೆಯಲ್ಲಿ ತಲೆಗೆ ಕರೆಂಟು ಕೊಟ್ಟು ಬೀಡಿ ಬಿಡಿಸುತ್ತಾರಂತೆ" ಎಂಬ ಮಾತು ಬಿದ್ದರೆ ಆಸೆ ಹುಟ್ಟುವುದು ಸಹಜ. ಆ ಮಾತಿನಲ್ಲಿ ಸತ್ಯ ಎಷ್ಟು? ಅದಕ್ಕಾಗಿ ಎತ್ತು ಮಾರಿ, ಸಾಲ ಮಾಡಿ ಹೈದರಾಬಾದಿಗೋ ಬೆಂಗಳೂರಿಗೋ ಓಡಬೇಕೇ? ಈ ಪ್ರಶ್ನೆಗಳಿಗೆ ಸಾಧ್ಯವಾದಷ್ಟು ಸರಳವಾಗಿ ಉತ್ತರ ಕೊಡುವುದು ಈ ಲೇಖನದ ಉದ್ದೇಶ.

ಬೀಡಿ ಸಿಗರೇಟಿಗಿಂತ ಹಗುರವೇ?

ಅಲ್ಲ. ಬೀಡಿಯಲ್ಲಿ ತಂಬಾಕು ಕಡಿಮೆ ಇರುವುದು ನಿಜ. ಆದರೆ ಬೀಡಿ ಬೇಗ ಆರಿಹೋಗುತ್ತದೆ. ಅದು ಆರದಂತೆ ಸೇದುವವನು ಮೇಲಿಂದ ಮೇಲೆ, ಜೋರಾಗಿ ದಮ್ಮು ಎಳೆಯಬೇಕಾಗುತ್ತದೆ. ಹೀಗಾಗಿ ನಿಕೋಟಿನ್, ಟಾರ್ ಮತ್ತು ಇಂಗಾಲದ ಮಾನಾಕ್ಸೈಡ್ ಅನಿಲ ಎದೆಯೊಳಗೆ ಹೋಗುವುದು ಕಡಿಮೆಯೇನಲ್ಲ.

ದೇಶದಾದ್ಯಂತ ಮನೆಮನೆ ಸುತ್ತಿ ಸಾವಿನ ಕಾರಣ ಕಲೆಹಾಕಿದ ದೊಡ್ಡ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಂತೆ ಬೀಡಿ ಸೇದುವ ಗಂಡಸು ಸರಾಸರಿ 6 ವರ್ಷ ಆಯುಷ್ಯ ಕಳೆದುಕೊಳ್ಳುತ್ತಾನೆ, ಬೀಡಿ ಸೇದುವ ಹೆಂಗಸು 8 ವರ್ಷ, ಸಿಗರೇಟು ಸೇದುವ ಗಂಡಸು 10 ವರ್ಷ. ತಮಿಳುನಾಡಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ ಸೇದದ ಗಂಡಸಿಗೆ ಹೋಲಿಸಿದರೆ ಸೇದುವ ಗಂಡಸು ಕ್ಷಯ ರೋಗದಿಂದ ಸಾಯುವ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು. ಕ್ಯಾನ್ಸರ್ ಮಾತ್ರವೇ ಹೊಗೆಯ ಕಾಟ ಎಂದು ತಿಳಿದವರು ಇದನ್ನು ಗಮನಿಸಬೇಕು.

2016-17ರಲ್ಲಿ ನಡೆದ ಕೇಂದ್ರ ಸರ್ಕಾರದ ತಂಬಾಕು ಸಮೀಕ್ಷೆಯಂತೆ ತೆಲಂಗಾಣದ ವಯಸ್ಕರಲ್ಲಿ ಶೇ 17.8, ಕರ್ನಾಟಕದಲ್ಲಿ ಶೇ 22.8 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ದೇಶದಲ್ಲಿ ಸಿಗರೇಟು ಸೇದುವವರಿಗಿಂತ ಬೀಡಿ ಸೇದುವವರೇ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಸೇದುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಬಿಡುವ ಯೋಚನೆ ಇದೆ ಎಂದಿದ್ದರು. ಮನಸ್ಸು ಇದೆ, ಆದರೆ ದಾರಿ ಸಿಗುತ್ತಿಲ್ಲ ಎಂಬುದು ಇದರ ಅರ್ಥ.

ಬಿಡುವುದು ಏಕೆ ಕಷ್ಟ?

ದಮ್ಮು ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮೆದುಳು ಮುಟ್ಟುತ್ತದೆ. ಅಲ್ಲಿ ಡೋಪಮೀನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಹಿತವೆನಿಸುತ್ತದೆ. ದಿನವೂ ಹೀಗೆ ಆದಾಗ ಮೆದುಳು ಅದಕ್ಕೆ ಒಗ್ಗಿಹೋಗುತ್ತದೆ. ನಿಕೋಟಿನ್ ಸಿಗದಿದ್ದರೆ ಸಿಟ್ಟು, ಚಡಪಡಿಕೆ, ನಿದ್ದೆಗೇಡು, ತಲೆ ಭಾರ ಶುರುವಾಗುತ್ತವೆ. ಈ ಕಾಟ ಬಿಟ್ಟ ಮೊದಲ ಎರಡು ಮೂರು ದಿನ ಜೋರಾಗಿದ್ದು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ.

ಇಷ್ಟೇ ಆಗಿದ್ದರೆ ತಿಂಗಳು ತಡೆದುಕೊಂಡವರೆಲ್ಲ ಗೆಲ್ಲಬೇಕಿತ್ತು. ಆದರೆ ಚಟಕ್ಕೆ ಇನ್ನೊಂದು ಬೇರು ಇದೆ. ಅದು ನೆನಪು. ಬೆಳಗಿನ ಚಾ, ಊಟದ ನಂತರದ ಹೊತ್ತು, ಹೊಲದ ಬದುವಿನ ಮೇಲೆ ಕುಳಿತ ಗಳಿಗೆ, ಬಸ್ಸು ಕಾಯುವ ಸಮಯ, ಗೆಳೆಯನ ಬೆಂಕಿಪೆಟ್ಟಿಗೆಯ ಸದ್ದು ಎಲ್ಲವೂ ಮೆದುಳಿನಲ್ಲಿ ಬೀಡಿಯೊಂದಿಗೆ ಗಂಟು ಬಿದ್ದಿರುತ್ತವೆ. ಆ ಗಳಿಗೆ ಬಂದ ಕೂಡಲೇ ಆಸೆ ಎದ್ದು ನಿಲ್ಲುತ್ತದೆ. ಬಿಟ್ಟು ಆರು ತಿಂಗಳಾದವನೂ ಮದುವೆ ಮನೆಯಲ್ಲಿ ಜಾರುವುದು ಇದರಿಂದಲೇ.

ಮೆದುಳಿನ ಉತ್ತೇಜನ ಎಂದರೇನು?

ಹೊರಗಿನಿಂದ, ಆಪರೇಷನ್ ಇಲ್ಲದೆ, ಮೆದುಳಿನ ಒಂದು ಭಾಗವನ್ನು ಚುರುಕುಗೊಳಿಸುವ ಅಥವಾ ತಣ್ಣಗಾಗಿಸುವ ಚಿಕಿತ್ಸೆಗೆ ಈ ಹೆಸರು. ಮುಖ್ಯವಾಗಿ ಎರಡು ವಿಧಗಳಿವೆ.

ಮೊದಲನೆಯದು ಟಿಎಂಎಸ್, ಅಂದರೆ ಕಾಂತೀಯ ಉತ್ತೇಜನ. ನೀರೆತ್ತುವ ಮೋಟಾರಿನೊಳಗೆ ತಾಮ್ರದ ತಂತಿಯ ಸುರುಳಿ ಇರುವುದನ್ನು ಎಲ್ಲ ರೈತರೂ ನೋಡಿದ್ದಾರೆ. ಅಂಥದೇ ಒಂದು ಸುರುಳಿಯನ್ನು ತಲೆಯ ಮೇಲೆ ಇಟ್ಟು ಕ್ಷಣ ಮಾತ್ರ ವಿದ್ಯುತ್ ಹರಿಸುತ್ತಾರೆ. ಆಗ ಹುಟ್ಟುವ ಕಾಂತಕ್ಷೇತ್ರ ತಲೆಬುರುಡೆಯನ್ನು ದಾಟಿ ಒಳಗಿನ ನರಕೋಶಗಳಲ್ಲಿ ಸಣ್ಣ ವಿದ್ಯುತ್ ಪ್ರವಾಹ ಉಂಟುಮಾಡುತ್ತದೆ. ಇದರ ಹಿಂದಿರುವುದು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ವ. ಅದನ್ನು ಮನುಷ್ಯನ ಮೆದುಳಿಗೆ ಬಳಸುವ ಯಂತ್ರವನ್ನು 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿದರು.

ಎರಡನೆಯದು ಟಿಡಿಸಿಎಸ್. ಇದರಲ್ಲಿ ತಲೆಯ ಮೇಲೆ ಎರಡು ಒದ್ದೆ ಪಟ್ಟಿಗಳನ್ನಿಟ್ಟು ಒಂದೆರಡು ಮಿಲಿ ಆಂಪಿಯರ್‌ನಷ್ಟು ಅತಿ ಸಣ್ಣ ಪ್ರವಾಹ ಹರಿಸುತ್ತಾರೆ. ಯಂತ್ರ ಚಿಕ್ಕದು, ಅಗ್ಗದ್ದು. ಆದರೆ ಧೂಮಪಾನದ ವಿಷಯದಲ್ಲಿ ಇದರ ಫಲಿತಾಂಶ ಒಂದೇ ಸಮನಾಗಿಲ್ಲ. ಕೆಲವು ಪ್ರಯೋಗಗಳಲ್ಲಿ ಆಸೆ ತಗ್ಗಿದೆ, ಕೆಲವುಗಳಲ್ಲಿ ಹುಸಿ ಚಿಕಿತ್ಸೆಗಿಂತ ಹೆಚ್ಚೇನೂ ಆಗಿಲ್ಲ.

ಇವೆರಡನ್ನೂ ಹಳೆಯ "ಷಾಕ್ ಟ್ರೀಟ್‌ಮೆಂಟ್" ಜೊತೆ ಬೆರೆಸಬಾರದು. ಇಲ್ಲಿ ಅರಿವಳಿಕೆ ಕೊಡುವುದಿಲ್ಲ, ಬೇಕೆಂದೇ ಫಿಟ್ಸ್ ತರಿಸುವುದೂ ಇಲ್ಲ. ರೋಗಿ ಕುರ್ಚಿಯಲ್ಲಿ ಎಚ್ಚರವಾಗಿಯೇ ಕುಳಿತಿರುತ್ತಾನೆ, ಮುಗಿದ ಮೇಲೆ ಎದ್ದು ನಡೆದು ಹೋಗುತ್ತಾನೆ.

ಮೆದುಳಿನ ಯಾವ ಭಾಗ?

ಇದಕ್ಕೆ ಸುಳಿವು ಸಿಕ್ಕಿದ್ದು ಲಕ್ವಾ ಮೊದಲಾದ ಕಾರಣಗಳಿಂದ ಮೆದುಳಿಗೆ ಪೆಟ್ಟಾದ ರೋಗಿಗಳಿಂದ. ಅಮೆರಿಕದ ಸಂಶೋಧಕರು ಮೆದುಳಿಗೆ ಹಾನಿಯಾಗುವ ಮೊದಲು ಸೇದುತ್ತಿದ್ದ 69 ಮಂದಿಯನ್ನು ಪರಿಶೀಲಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಆ ಪೈಕಿ 19 ಮಂದಿಗೆ ಇನ್ಸುಲಾ ಎಂಬ ಒಳಮಡಿಕೆಗೆ ಪೆಟ್ಟಾಗಿತ್ತು. ಕಷ್ಟವಿಲ್ಲದೆ, ಮತ್ತೆ ಆಸೆಯೂ ಹುಟ್ಟದೆ ಚಟ ಬಿಟ್ಟುಹೋದ ಸಂಭವ ಉಳಿದವರಿಗಿಂತ ಈ ಗುಂಪಿನಲ್ಲಿ ಬಹಳ ಹೆಚ್ಚಾಗಿತ್ತು. ದೇಹದ ಒಳಗಿನ ಸಂವೇದನೆಗಳನ್ನು "ಬೇಕು" ಎಂಬ ಆಸೆಯಾಗಿ ಮಾಡುವಲ್ಲಿ ಈ ಭಾಗಕ್ಕೆ ಪಾತ್ರವಿದೆ ಎಂದು ಅಂದಿನಿಂದ ವಿಜ್ಞಾನಿಗಳು ಅದರ ಮೇಲೆ ಕಣ್ಣಿಟ್ಟರು. ಇನ್ಸುಲಾ ಒಳಗಡೆ ಇರುವುದರಿಂದ ಆಳಕ್ಕೆ ಮುಟ್ಟುವ ವಿಶೇಷ ಸುರುಳಿಗಳು ಬೇಕಾದವು.

ಫಲಿತಾಂಶ ಎಷ್ಟು?

ಈ ವಿಷಯದಲ್ಲಿ ನಡೆದ ಮುಖ್ಯ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಅಮೆರಿಕ ಮತ್ತು ಇಸ್ರೇಲಿನ 14 ಕೇಂದ್ರಗಳಲ್ಲಿ 262 ಮಂದಿ ಇದರಲ್ಲಿ ಭಾಗವಹಿಸಿದ್ದರು. ಎಲ್ಲರೂ ಹಳೆಯ ಚಟಗಾರರು, ಹಿಂದೆ ಒಮ್ಮೆಯಾದರೂ ಬಿಡಲು ಹೋಗಿ ಸೋತವರು. ಅರ್ಧದಷ್ಟು ಮಂದಿಗೆ ನಿಜವಾದ ಟಿಎಂಎಸ್, ಉಳಿದವರಿಗೆ ಶಬ್ದ ಮಾತ್ರ ಬರುವ ಹುಸಿ ಚಿಕಿತ್ಸೆ. ಮೂರು ವಾರ ದಿನನಿತ್ಯ, ಆಮೇಲೆ ಮೂರು ವಾರ ವಾರಕ್ಕೊಮ್ಮೆ ಚಿಕಿತ್ಸೆ ನಡೆಯಿತು.

ಹದಿನೆಂಟನೆಯ ವಾರದವರೆಗಿನ ಲೆಕ್ಕ ತೆಗೆದಾಗ, ಸತತ ನಾಲ್ಕು ವಾರ ಒಂದೂ ಸಿಗರೇಟು ಮುಟ್ಟದವರು ನಿಜ ಚಿಕಿತ್ಸೆಯ ಗುಂಪಿನಲ್ಲಿ ಶೇ 19.4, ಹುಸಿ ಗುಂಪಿನಲ್ಲಿ ಶೇ 8.7. ಚಿಕಿತ್ಸೆಯನ್ನು ಪೂರ್ತಿ ಮುಗಿಸಿದವರಲ್ಲಿ ಈ ಅಂಕಿ ಶೇ 28 ಮತ್ತು ಶೇ 11.7. ಬಿಡದೆ ಇದ್ದವರೂ ಸೇರಿ ನಿಜ ಗುಂಪಿನಲ್ಲಿ ಎರಡೇ ವಾರದೊಳಗೆ ಆಸೆಯೂ ಸಿಗರೇಟಿನ ಸಂಖ್ಯೆಯೂ ಹೆಚ್ಚು ತಗ್ಗಿದವು. ಇದೇ ಪ್ರಯೋಗದ ಆಧಾರದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2020ರ ಆಗಸ್ಟ್‌ನಲ್ಲಿ ಧೂಮಪಾನ ಬಿಡಿಸಲು ಈ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು.

ಇದನ್ನು ಎರಡು ಕಡೆಯಿಂದಲೂ ಓದಬೇಕು. ಗೆದ್ದವರ ಸಂಖ್ಯೆ ಎರಡು ಪಟ್ಟಿಗಿಂತ ಹೆಚ್ಚಾಯಿತು ಎಂಬುದು ನಿಜ. ಯಂತ್ರದ ಕೆಳಗೆ ಕುಳಿತ ನೂರು ಮಂದಿಯಲ್ಲಿ ಎಂಬತ್ತು ಮಂದಿ ಗೆಲ್ಲಲಿಲ್ಲ ಎಂಬುದೂ ಅಷ್ಟೇ ನಿಜ. ಇನ್ನೊಂದು ಮಾತು: ಅವರೆಲ್ಲ ಸಿಗರೇಟು ಸೇದುವವರು. ಬೀಡಿ, ಚುಟ್ಟಾ ಸೇದುವವರ ಮೇಲೆ ಅಥವಾ ಗುಟ್ಕಾ ತಿನ್ನುವವರ ಮೇಲೆ ನಡೆದ ಪ್ರಯೋಗ ಇದಲ್ಲ.

ಯಂತ್ರದ ಜೊತೆಗೆ ಮಾತು ಏಕೆ?

ಬಹಳ ಜನ ಗಮನಿಸದ ಸಂಗತಿ ಇಲ್ಲಿದೆ. ಆ ಪ್ರಯೋಗದಲ್ಲಿ ಯಾರನ್ನೂ ಸುಮ್ಮನೆ ಯಂತ್ರದ ಕೆಳಗೆ ಕೂರಿಸಿ ಕಳಿಸಲಿಲ್ಲ. ಪ್ರತಿ ಸಲವೂ ಮೊದಲು ಅವರಿಗೆ ಸೇದುವ ಆಸೆ ಹುಟ್ಟಿಸುವ ಗಳಿಗೆಯನ್ನು ನೆನಪಿಗೆ ತರಿಸಿದರು, ಸಿಗರೇಟಿನ ಚಿತ್ರಗಳನ್ನು ತೋರಿಸಿದರು. ಆಸೆ ಎಚ್ಚರವಾದ ಮೇಲೆಯೇ ಯಂತ್ರ ನಡೆಸಿದರು. ಮುಗಿದ ಮೇಲೆ ಬಿಡುವ ಬಗ್ಗೆ ಧೈರ್ಯ ತುಂಬುವ ಚುಟುಕು ಮಾತುಕತೆ ಇತ್ತು. ಬಿಡುವ ದಿನವನ್ನೂ ಮೊದಲೇ ಗೊತ್ತುಮಾಡಿಸಿದ್ದರು.

ಇದಕ್ಕೂ ಮೊದಲು, 2014ರಲ್ಲಿ ಪ್ರಕಟವಾದ 115 ಮಂದಿಯ ಇನ್ನೊಂದು ಪ್ರಯೋಗದಲ್ಲಿ ಆಸೆಯನ್ನು ಎಬ್ಬಿಸಿ ಯಂತ್ರ ನಡೆಸಿದ ಗುಂಪಿನ ಫಲಿತಾಂಶವೇ ಉತ್ತಮವಾಗಿತ್ತು. ಚಿಕಿತ್ಸೆ ಮುಗಿದಾಗ ಅವರಲ್ಲಿ ಶೇ 44 ಮಂದಿ ಬಿಟ್ಟಿದ್ದರು. ಆರು ತಿಂಗಳ ನಂತರದ ಅಂದಾಜು ಶೇ 33.

ಕಾರಣ ಸರಳ. ಯಂತ್ರ ಆಸೆಯ ಹಗ್ಗವನ್ನು ಸಡಿಲ ಮಾಡಬಹುದು, ಅಷ್ಟೇ. ಚಾ ಅಂಗಡಿಯಲ್ಲಿ ಬೀಡಿ ಕೈಗೆ ಬಂದಾಗ ಏನು ಹೇಳಬೇಕು, ರಾತ್ರಿ ನಿದ್ದೆ ಬಾರದಿದ್ದರೆ ಏನು ಮಾಡಬೇಕು, ಒಂದು ಸಲ ಜಾರಿದರೆ ಮತ್ತೆ ಹೇಗೆ ಏಳಬೇಕು ಎಂಬುದನ್ನು ಅದು ಕಲಿಸಲಾರದು. ಅದು ಆರೋಗ್ಯ ಶಿಕ್ಷಣದ, ಆಪ್ತ ಸಲಹೆಯ ಕೆಲಸ. ಬರೀ ಮಾತಿನಿಂದ ಬಿಟ್ಟವರು ಇದ್ದಾರೆ, ಮಾತ್ರೆ ಮತ್ತು ಮಾತು ಎರಡರಿಂದ ಬಿಟ್ಟವರು ಇನ್ನೂ ಹೆಚ್ಚು. ಮಾತನ್ನು ಬಿಟ್ಟು ಬರೀ ಯಂತ್ರವನ್ನು ನಂಬಲು ಮಾತ್ರ ಆಧಾರವಿಲ್ಲ.

ಯಾರು ದೂರವಿರಬೇಕು?

ತಲೆಯಲ್ಲಿ ಲೋಹದ ಕ್ಲಿಪ್ಪು, ಕಿವಿಯೊಳಗೆ ಕೂರಿಸಿದ ಶ್ರವಣ ಸಾಧನ, ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಟಿಎಂಎಸ್ ಮಾಡಿಸಬಾರದು ಅಥವಾ ತಜ್ಞರನ್ನು ಕೇಳದೆ ಹತ್ತಿರ ಹೋಗಬಾರದು. ಮೂರ್ಛೆ ರೋಗ ಇದ್ದವರು, ಹಿಂದೆ ಫಿಟ್ಸ್ ಬಂದವರು ಅದನ್ನು ಮೊದಲೇ ಹೇಳಬೇಕು. ಸಾಮಾನ್ಯವಾಗಿ ಆಗುವುದು ತಲೆನೋವು ಮತ್ತು ಸುರುಳಿ ಇಟ್ಟ ಜಾಗದಲ್ಲಿ ನೋವು. ಅಪರೂಪಕ್ಕೆ ಫಿಟ್ಸ್ ಬರಬಹುದು. ಯಂತ್ರದ ಟಕಟಕ ಸದ್ದು ಜೋರಾಗಿರುವುದರಿಂದ ಕಿವಿಗೆ ರಕ್ಷಣೆ ಕೊಡುತ್ತಾರೆ.

ಬ್ಯಾಟರಿ, ತಂತಿ ಜೋಡಿಸಿ ಮನೆಯಲ್ಲೇ ತಲೆಗೆ ಕರೆಂಟು ಕೊಟ್ಟುಕೊಳ್ಳುವ ಪ್ರಯೋಗ ಖಂಡಿತ ಬೇಡ. ಚರ್ಮ ಸುಡುತ್ತದೆ, ಅದಕ್ಕಿಂತ ಹೆಚ್ಚಿನ ಅನಾಹುತವೂ ಆಗಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮತ್ತು ಹೈದರಾಬಾದಿನ ಕೆಲವು ಆಸ್ಪತ್ರೆಗಳಲ್ಲಿ ಟಿಎಂಎಸ್ ಸೌಲಭ್ಯವಿದೆ. ಅಲ್ಲಿ ಅದು ಹೆಚ್ಚಾಗಿ ಬಳಕೆಯಾಗುವುದು ಖಿನ್ನತೆ, ಗೀಳು ಕಾಯಿಲೆ ಮೊದಲಾದವಕ್ಕೆ. ಬೀಡಿ ಬಿಡಿಸುತ್ತೇವೆ ಎಂದು ಯಾರಾದರೂ ಮುಂಗಡ ಹಣ ಕೇಳಿದರೆ ಮೂರು ಪ್ರಶ್ನೆ ಕೇಳಿ. ಎಷ್ಟು ದಿನ ಬರಬೇಕು? ಜೊತೆಗೆ ಆಪ್ತ ಸಲಹೆ ಯಾರು ಕೊಡುತ್ತಾರೆ? ಆರು ತಿಂಗಳವರೆಗೆ ನನ್ನನ್ನು ಯಾರು ವಿಚಾರಿಸುತ್ತಾರೆ? ಉತ್ತರ ಸರಿಯಾಗಿ ಬಾರದಿದ್ದರೆ ಹಣ ಜೇಬಿನಲ್ಲೇ ಇರಲಿ. ಮೂರು ವಾರ ದಿನವೂ ಹೋಗಬೇಕಾದ ಚಿಕಿತ್ಸೆಗೆ ಕೂಲಿ, ಬಸ್ ಚಾರ್ಜು, ವಸತಿ ಎಲ್ಲವನ್ನೂ ಲೆಕ್ಕ ಹಾಕಬೇಕು.

ಕಡಿಮೆ ಮಾಡಿದರೆ ಸಾಲದೇ?

"ದಿನಕ್ಕೆ ಎರಡು ಕಟ್ಟು ಇತ್ತು, ಈಗ ನಾಲ್ಕೇ ಬೀಡಿ" ಎಂದು ಹೇಳುವವರಿದ್ದಾರೆ. ಅವರ ಪ್ರಯತ್ನ ಮೆಚ್ಚುವಂಥದ್ದೇ. ಆದರೆ ಅಲ್ಲೇ ನಿಲ್ಲಬಾರದು. ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ದಿನಕ್ಕೆ ಒಂದೇ ಸಿಗರೇಟು ಸೇದುವವನಿಗೂ 20 ಸೇದುವವನಿಗೆ ಹೆಚ್ಚುವರಿಯಾಗಿ ಇರುವ ಹೃದ್ರೋಗದ ಅಪಾಯದ ಸುಮಾರು ಅರ್ಧದಷ್ಟು ಇರುತ್ತದೆ. ಜೊತೆಗೆ ಸಂಖ್ಯೆ ಕಡಿಮೆ ಮಾಡಿದವರು ತಿಳಿಯದೆಯೇ ಪ್ರತಿ ದಮ್ಮನ್ನು ಆಳಕ್ಕೆ ಎಳೆಯುತ್ತಾರೆ. ಕಡಿಮೆ ಮಾಡುವುದು ಮೆಟ್ಟಿಲು, ಬಿಡುವುದೇ ಮನೆ. ಬೀಡಿ ಬಿಟ್ಟು ಗುಟ್ಕಾ, ಜರ್ದಾ ಹಿಡಿಯುವುದಂತೂ ಬಿಟ್ಟಂತೆಯೇ ಅಲ್ಲ.

ನಮ್ಮ ಊರಿನಿಂದಲೇ ಸಿಗುವ ನೆರವು

ಟೋಲ್ ಫ್ರೀ ಸಂಖ್ಯೆ 1800-11-2356. ಬೀಡಿ, ಸಿಗರೇಟು, ಗುಟ್ಕಾ ಪೊಟ್ಟಣಗಳ ಮೇಲೆ 2018ರಿಂದ ಇದೇ ಸಂಖ್ಯೆ ಅಚ್ಚಾಗುತ್ತಿದೆ. ಈ ರಾಷ್ಟ್ರೀಯ ಸಹಾಯವಾಣಿ 2016ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರ ತೆರೆದು ದಕ್ಷಿಣದ ಭಾಷೆಗಳಲ್ಲಿ ಸಲಹೆ ಕೊಡತೊಡಗಿದರು. ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು. ಬಿಡುವ ದಿನ ಗೊತ್ತುಮಾಡಿ, ಆಮೇಲೆ ಅವರೇ ಮರಳಿ ಕರೆ ಮಾಡಿ ವಿಚಾರಿಸುತ್ತಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮವರು ಮನಸ್ಸಿನ ಮಾತು ಯಾವ ಭಾಷೆಯಲ್ಲಿ ಸಲೀಸಾಗಿ ಬರುತ್ತದೋ ಆ ಭಾಷೆಯನ್ನೇ ಕೇಳಿಕೊಳ್ಳಬೇಕು. ದುಡಿಯಲು ಮುಂಬಯಿ, ಬೆಂಗಳೂರಿಗೆ ವಲಸೆ ಹೋದವರಿಗೂ ಈ ನೆರವು ತಪ್ಪುವುದಿಲ್ಲ. ಊರು ಬದಲಾದರೂ ಫೋನು ಜೊತೆಗಿರುತ್ತದೆ.

ಮನಸ್ಸಿನ ತೊಂದರೆ, ಖಿನ್ನತೆ ಇದ್ದರೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಸಂಖ್ಯೆ 14416.

ಪಲ್ಲೆ ದವಾಖಾನೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ. 2 ಮಿಲಿಗ್ರಾಂ ನಿಕೋಟಿನ್ ಚೂಯಿಂಗ್ ಗಮ್ ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಅದನ್ನು ಸಾದಾ ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿಯಬಾರದು. ನಾಲ್ಕಾರು ಸಲ ಅಗಿದು, ಖಾರ ರುಚಿ ಬಂದಾಗ ಕೆನ್ನೆ ಮತ್ತು ವಸಡಿನ ನಡುವೆ ಇಡಬೇಕು. ಅದಕ್ಕೆ ಹದಿನೈದು ನಿಮಿಷ ಮೊದಲು ಚಾ ಕುಡಿಯಬಾರದು. ಬ್ಯುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳೂ ಇವೆ, ಅವನ್ನು ವೈದ್ಯರೇ ಬರೆದುಕೊಡಬೇಕು. ಹೃದ್ರೋಗಿಗಳು, ಗರ್ಭಿಣಿಯರು ಗಮ್ ಬಳಸುವ ಮೊದಲೂ ವೈದ್ಯರನ್ನು ಕೇಳಲಿ. ಎರಡು ವಾರ ದಾಟಿದ ಕೆಮ್ಮು ಇದ್ದರೆ "ಬೀಡಿ ಕೆಮ್ಮು" ಎಂದು ತಳ್ಳಿಹಾಕದೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ದವಾಖಾನೆಯಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಉಚಿತ. ಚಿಕಿತ್ಸೆಗೆ ರಾಯಚೂರಿಗೆ ಹೋಗುವವರೂ ಇದೇ ಮಾತು ನೆನಪಿಡಬೇಕು.

ಇಂದೇ ಮಾಡಬಹುದಾದ ಕೆಲಸ

ಮೇಲೆ ಹೇಳಿದ ಪ್ರಯೋಗದಲ್ಲಿ ಆಸೆ ಹುಟ್ಟಿಸುವ ಗಳಿಗೆಯನ್ನು ಮೊದಲು ಗುರುತಿಸಿದರು. ಆ ಕೆಲಸಕ್ಕೆ ಯಂತ್ರ ಬೇಕಿಲ್ಲ, ಒಂದು ಹಾಳೆ ಸಾಕು.

1. ಮೂರು ದಿನ ಪ್ರತಿ ಬೀಡಿಯನ್ನೂ ಬರೆಯಿರಿ. ಹೊತ್ತು, ಜಾಗ, ಜೊತೆಗಾರ ಯಾರು ಎಂಬುದೂ ಇರಲಿ. ಬರೆಯಲು ಬಾರದಿದ್ದರೆ ಮಕ್ಕಳಿಂದ ಬರೆಸಿ.

2. ಎರಡು ವಾರದೊಳಗೆ ಒಂದು ದಿನ ಗೊತ್ತುಮಾಡಿ ಮನೆಯವರಿಗೆ ತಿಳಿಸಿ. ಆ ದಿನ ಬೀಡಿ, ಬೆಂಕಿಪೆಟ್ಟಿಗೆ ಮನೆಯಿಂದ ಹೊರಗೆ ಹೋಗಲಿ.

3. ಹಾಳೆಯಲ್ಲಿರುವ ಪ್ರತಿ ಗಳಿಗೆಗೆ ಬದಲಿ ಹುಡುಕಿ. ಚಾ ಆದ ಕೂಡಲೇ ಎದ್ದು ನಡೆಯಿರಿ, ಊಟವಾದ ಮೇಲೆ ಸೋಂಪು ಬಾಯಿಗೆ ಹಾಕಿ.

4. ಆಸೆಯ ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ತಡ ಮಾಡಿ, ನಿಧಾನವಾಗಿ ಉಸಿರೆಳೆದುಕೊಳ್ಳಿ, ನೀರು ಕುಡಿಯಿರಿ, ಕೈಗೆ ಕೆಲಸ ಕೊಡಿ.

5. ಬೀಡಿ ಚಾಚಿದವರಿಗೆ ಹೇಳುವ ಮಾತನ್ನು ಮೊದಲೇ ಸಿದ್ಧ ಮಾಡಿಕೊಳ್ಳಿ. "ಬ್ಯಾಡ ಕಾಕಾ, ನಾ ಬಿಟ್ಟೀನಿ" ಎಂದರೆ ಸಾಕು, ಕಾರಣ ಹೇಳಬೇಕಿಲ್ಲ.

6. ಜಾರಿದರೆ ಒಂದು ಬೀಡಿಗೆ ನಿಲ್ಲಿಸಿ, ಅದೇ ದಿನ ಸಹಾಯವಾಣಿಗೆ ಕರೆ ಮಾಡಿ. ಒಂದು ಸಲ ಜಾರಿದ್ದು ಸೋಲಲ್ಲ. ಹಲವು ಸಲ ಪ್ರಯತ್ನಿಸಿಯೇ ಬಹಳ ಜನ ಗೆದ್ದಿದ್ದಾರೆ.

ಮನೆಯವರಿಗೆ ಎರಡು ಮಾತು. ಮೊದಲ ವಾರ ಸಿಟ್ಟು ಬಂದರೆ ಅದು ನಿಕೋಟಿನ್ ಇಳಿಯುವ ಸಿಟ್ಟು, ನಿಮ್ಮ ಮೇಲಿನದಲ್ಲ. ಹಂಗಿಸಬೇಡಿ, ಉಳಿದ ಹಣವನ್ನು ಡಬ್ಬಿಯಲ್ಲಿ ಹಾಕಿ ಕಣ್ಣೆದುರು ಇಡಿ.

ಊರ ಹಿರಿಯರಿಗೂ ಒಂದು ಮಾತು. ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರುವುದು 2003ರ ಕಾಯ್ದೆಯಂತೆ ಎರಡೂ ರಾಜ್ಯಗಳಲ್ಲಿ ನಿಷಿದ್ಧ. ತಂಬಾಕು ಮಾರಲು ಆ ಕಾಯ್ದೆಯಲ್ಲಿರುವ ವಯಸ್ಸಿನ ಮಿತಿ 18. ಕರ್ನಾಟಕ 2025ರಲ್ಲಿ ಜಾರಿಗೆ ತಂದ ತಿದ್ದುಪಡಿಯಿಂದ ಅದನ್ನು 21ಕ್ಕೆ ಏರಿಸಿದೆ. ಕೃಷ್ಣಾ ನದಿಯ ಆ ಕಡೆ ಸಿಗದ ಬೀಡಿಗೆ ಹುಡುಗರು ಈ ಕಡೆಯ ಅಂಗಡಿಗೆ ಬಾರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಬಿಟ್ಟರೆ ಲಾಭ ಬೇಗ ಶುರುವಾಗುತ್ತದೆ. 20 ನಿಮಿಷದಲ್ಲಿ ನಾಡಿ ಬಡಿತ ಇಳಿಯತೊಡಗುತ್ತದೆ, ಒಂದೆರಡು ದಿನದೊಳಗೆ ರಕ್ತದಲ್ಲಿನ ಇಂಗಾಲದ ಮಾನಾಕ್ಸೈಡ್ ಸೇದದವರ ಮಟ್ಟಕ್ಕೆ ಬರುತ್ತದೆ, ವರ್ಷದೊಳಗೆ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೆದುಳಿಗೆ ಯಂತ್ರ ಚಿಕಿತ್ಸೆ ಮುಂದೊಂದು ದಿನ ಜಿಲ್ಲಾ ಆಸ್ಪತ್ರೆಗೂ ಬರಬಹುದು. ಬಂದರೆ, ಮಾತು-ಮಾತ್ರೆಯಿಂದ ಬಿಡಲಾಗದವರಿಗೆ ಅದೂ ಒಂದು ದಾರಿ. ಅಲ್ಲಿಯವರೆಗೆ ಎತ್ತು ಮಾರುವ ಅಗತ್ಯವಿಲ್ಲ. ಮೊದಲ ಚಿಕಿತ್ಸೆಗೆ ಬೇಕಾದ ಸಂಖ್ಯೆ ನಿಮ್ಮ ಜೇಬಿನ ಬೀಡಿ ಕಟ್ಟಿನ ಮೇಲೆಯೇ ಇದೆ.